ಮೂವತ್ತನಾಲ್ಕು ವರ್ಷ ಕಾದ ಅಜ್ಜಿಯರು

(ಸ್ವಸಹಾಯ ಸಂಘಗಳ ಒಕ್ಕೂಟದ ಮಹಿಳಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಉಳಿತಾಯ, ಸಾಲ, ಮರುಪಾವತಿ ಬಗ್ಗೆ ಮಾತಾಡೋದಿಲ್ಲ. ಅದನ್ನು ನೀವೇ ನನಗೆ ಕಲಿಸುವಷ್ಟು ಬಲ್ಲಿರಿ. ಬಹಳ ದೂರದ ಒಂದು ಊರಿನ ಹದಿನೈದು ಹೆಂಗಸರ ವಿಷಯ ಹೇಳ್ತೇನೆ. ಕೇಳಲಿಕ್ಕೆ ಕಷ್ಟವಾಗುವ ವಿಷಯ. ಆದರೂ ಕೇಳಬೇಕು. ಯಾಕಂದ್ರೆ ಅವರು ಮೂವತ್ತನಾಲ್ಕು ವರ್ಷ ಕಾದು ಗೆದ್ದರು.

ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆಯ ಸಾಮತಿ ಇದೆ. ದೇವರಿಗೂ ಹೆದರದ, ಜನರಿಗೂ ಬೆಲೆ ಕೊಡದ ಒಬ್ಬ ನ್ಯಾಯಾಧೀಶ. ಆ ವಿಧವೆ ದಿನಾ ಅವನ ಬಾಗಿಲಿಗೆ ಹೋಗಿ ನ್ಯಾಯ ಕೊಡು ಅಂತ ಕೇಳ್ತಾಳೆ. ಕೊನೆಗೆ ಇವಳ ಕಾಟ ತಡೆಯಲಾರದೆ ಅವನು ನ್ಯಾಯ ಕೊಡ್ತಾನೆ. ಬೇರೆ ಧರ್ಮದ ಅಕ್ಕಂದಿರಿಗೂ ಇದು ಅರ್ಥವಾಗುವ ಕಥೆ. ತಾಲೂಕು ಕಚೇರಿಗೆ ಅಲೆದವರಿಗೆ ವಿವರಿಸಬೇಕಾಗಿಲ್ಲ, ಅಲ್ವಾ?

ಸೆಪುರ್ ಸಾರ್ಕೊದಲ್ಲಿ ನಡೆದದ್ದು

ಅಮೆರಿಕ ಖಂಡದ ನಡುವೆ ಗ್ವಾಟೆಮಾಲ ಅನ್ನುವ ಸಣ್ಣ ದೇಶವಿದೆ. ಕಾಫಿ, ಏಲಕ್ಕಿ ಬೆಳೆಯುವ ನಾಡು. ಅಲ್ಲಿನ ಮೂಲನಿವಾಸಿಗಳು ಮಾಯಾ ಜನ. ಅಲ್ಲಿ 1960ರಿಂದ 1996ರವರೆಗೆ 36 ವರ್ಷ ಅಂತರ್ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಎಂದು ವಿಶ್ವಸಂಸ್ಥೆಯ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕಿದವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ದಾಖಲಾದ ದೌರ್ಜನ್ಯಗಳಲ್ಲಿ ನೂರಕ್ಕೆ 93ರಷ್ಟು ಸರ್ಕಾರಿ ಸೇನೆ ಮತ್ತು ಅದರ ಕೈಕೆಳಗಿನ ಪಡೆಗಳಿಂದ ಆದದ್ದು.

1982ರ ಮಾರ್ಚಿನಲ್ಲಿ ಜನರಲ್ ರಿಯೋಸ್ ಮಾಂಟ್ ಎಂಬವನು ಸೈನ್ಯದ ಬಲದಿಂದ ಅಧಿಕಾರ ಹಿಡಿದ. ಆಗ ಸೆಪುರ್ ಸಾರ್ಕೊ ಎಂಬ ಹಳ್ಳಿಯ ಸುತ್ತಮುತ್ತಲಿನ ಕೆಕ್ಚಿ ಮಾಯಾ ರೈತರು ತಾವು ಉಳುತ್ತಿದ್ದ ಭೂಮಿಗೆ ಹಕ್ಕುಪತ್ರ ಕೇಳುತ್ತಿದ್ದರು. ಅವರ ತಪ್ಪು ಇಷ್ಟೇ. ದೊಡ್ಡ ಜಮೀನುದಾರರಿಗೆ ಇದು ಹಿಡಿಸಲಿಲ್ಲ. ಇವರು ಬಂಡುಕೋರರು ಅಂತ ಹಣೆಪಟ್ಟಿ ಹಚ್ಚಿದರು. ಸೈನ್ಯ ಬಂತು. ಗಂಡಸರನ್ನು ಮನೆಯಿಂದ ಎಳೆದುಕೊಂಡು ಹೋದರು. ಅವರು ಮರಳಿ ಬರಲಿಲ್ಲ.

ಗಂಡ ಇಲ್ಲದ ಹೆಂಗಸರು ಆಮೇಲೆ ದಿಕ್ಕಿಲ್ಲದವರಾದರು. ಸೆಪುರ್ ಸಾರ್ಕೊದಲ್ಲಿ ಸೈನಿಕರ ವಿಶ್ರಾಂತಿಗೆ ಒಂದು ಶಿಬಿರ ಹಾಕಿದ್ದರು. ಈ ಹೆಂಗಸರು ಮೂರು ದಿನಕ್ಕೊಮ್ಮೆ ಪಾಳಿಯ ಪ್ರಕಾರ ಅಲ್ಲಿಗೆ ಹೋಗಬೇಕು. ಅಡುಗೆ ಮಾಡಬೇಕು, ಜೋಳದ ರೊಟ್ಟಿ ತಟ್ಟಬೇಕು, ಸೈನಿಕರ ಬಟ್ಟೆ ಒಗೆಯಬೇಕು. ಜೋಳವೂ ಇವರದೇ, ಸೋಪೂ ಇವರದೇ! ಮನೆಯಲ್ಲಿ ಮಕ್ಕಳು ಹಸಿದಿದ್ದರು. ಮತ್ತೆ ಅಲ್ಲಿ ಸೈನಿಕರು ಇವರ ಮೇಲೆ ಅತ್ಯಾಚಾರ ಮಾಡುತ್ತಿದ್ದರು. ಒಬ್ಬಿಬ್ಬರಲ್ಲ, ಒಂದೆರಡು ದಿನವಲ್ಲ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ. ತಪ್ಪಿಸಿಕೊಂಡು ಕಾಡು ಗುಡ್ಡ ಸೇರಿದವರ ಮಕ್ಕಳು ಹಸಿವಿನಿಂದ ಸತ್ತರು.

ಯುದ್ಧ ಮುಗಿಯಿತು. ಆದರೆ ಇವರ ಕಷ್ಟ ಮುಗಿಯಲಿಲ್ಲ. ಊರಿನವರೇ ಇವರನ್ನು 'ಸೈನಿಕರ ಹೆಂಗಸರು' ಅಂತ ಆಡಿಕೊಂಡರು. ತಪ್ಪು ಮಾಡಿದವರು ತಲೆಯೆತ್ತಿ ತಿರುಗುತ್ತಿದ್ದರು, ಅನುಭವಿಸಿದವರು ತಲೆ ತಗ್ಗಿಸಿ ನಡೆಯುತ್ತಿದ್ದರು. ಅಕ್ಕಂದಿರೇ, ಇದು ನಮಗೆ ಗೊತ್ತಿಲ್ಲದ ವಿಷಯವಾ? ನಾಲ್ಕು ಜನ ಏನಂದಾರು ಅಂತ ನಮ್ಮಲ್ಲೂ ಎಷ್ಟು ಮಂದಿ ಬಾಯಿ ಮುಚ್ಚಿಕೊಂಡು ಬದುಕುತ್ತಿಲ್ಲ?

ಮೊದಲು ಕೇಳಿಸಿಕೊಂಡವರು

ಗ್ವಾಟೆಮಾಲದ ಕಥೋಲಿಕ ಧರ್ಮಸಭೆ ಯುದ್ಧದ ಸತ್ಯವನ್ನು ದಾಖಲಿಸುವ ಕೆಲಸಕ್ಕೆ ಕೈ ಹಾಕಿತು. ಊರಿನವರಿಗೇ ತರಬೇತಿ ಕೊಟ್ಟು ಕಾರ್ಯಕರ್ತರನ್ನಾಗಿ ಮಾಡಿ ಹಳ್ಳಿ ಹಳ್ಳಿಗೆ ಕಳಿಸಿದರು. ಅವರು ಜನರ ಭಾಷೆಯಲ್ಲೇ ಕೇಳಿ ಸಾವಿರಾರು ಸಾಕ್ಷ್ಯ ಬರೆದುಕೊಂಡರು. ಈ ಕೆಲಸದ ಮುಂದಾಳು ಬಿಷಪ್ ಹುವಾನ್ ಹೆರಾರ್ಡಿ. 1998ರ ಏಪ್ರಿಲ್ 24ರಂದು ಅವರು ರಾಜಧಾನಿಯ ಪ್ರಧಾನಾಲಯದಲ್ಲಿ ವರದಿ ಬಿಡುಗಡೆ ಮಾಡಿದರು. ಎರಡೇ ದಿನಕ್ಕೆ, 26ರ ರಾತ್ರಿ, ಅವರನ್ನು ಅವರ ಮನೆಯಲ್ಲೇ ಹೊಡೆದು ಕೊಂದರು. 2001ರಲ್ಲಿ ಇಬ್ಬರು ಸೇನಾಧಿಕಾರಿಗಳೂ ಸೇರಿ ನಾಲ್ವರಿಗೆ ಶಿಕ್ಷೆಯಾಯಿತು. ಸತ್ಯ ಬರೆದಿಡುವ ಕೆಲಸಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ನೋಡಿ.

ಲೋಕದ ಕಾನೂನು ಬದಲಾದದ್ದು

ಹಿಂದೆ ಯುದ್ಧ ಅಂದ ಮೇಲೆ ಇದೆಲ್ಲ ಇರುವುದೇ ಅನ್ನುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನೆ ಕೊರಿಯ, ಚೀನಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳ ಹೆಂಗಸರನ್ನು ಸೈನಿಕರಿಗಾಗಿ ಕೂಡಿಹಾಕಿತ್ತು. 1991ರಲ್ಲಿ ಕೊರಿಯದ ಕಿಮ್ ಹಾಕ್ ಸುನ್ ಎಂಬ ಮಹಿಳೆ ಮೊದಲ ಬಾರಿ ತನ್ನ ಹೆಸರು ಹೇಳಿ, ಮುಖ ತೋರಿಸಿ ಮಾತಾಡಿದರು. ಒಬ್ಬರು ಮಾತಾಡಿದ ಮೇಲೆ ಇನ್ನೂ ಅನೇಕರು ಬಾಯಿ ಬಿಟ್ಟರು.

1998ರಲ್ಲಿ ರುವಾಂಡ ದೇಶದ ಹತ್ಯಾಕಾಂಡದ ವಿಚಾರಣೆಯಲ್ಲಿ ವಿಶ್ವಸಂಸ್ಥೆಯ ನ್ಯಾಯಾಲಯವು ಅತ್ಯಾಚಾರವೂ ಜನಾಂಗ ಹತ್ಯೆಯ ಭಾಗವಾಗಬಹುದು ಎಂದು ತೀರ್ಪು ಕೊಟ್ಟಿತು. ಆ ಪೀಠದಲ್ಲಿದ್ದ ಒಬ್ಬರೇ ಮಹಿಳೆ ನವಿ ಪಿಳ್ಳೈ, ದಕ್ಷಿಣ ಆಫ್ರಿಕಾದ ಭಾರತೀಯ ಮೂಲದವರು. 2001ರಲ್ಲಿ ಬೋಸ್ನಿಯದ ಪ್ರಕರಣದಲ್ಲಿ ಹೆಂಗಸರನ್ನು ಕೂಡಿಹಾಕಿ ಅತ್ಯಾಚಾರ ಮಾಡಿದ್ದನ್ನು ಗುಲಾಮಗಿರಿ, ಮಾನವತೆಯ ವಿರುದ್ಧದ ಅಪರಾಧ ಎಂದು ಪರಿಗಣಿಸಿದರು. 2002ರಲ್ಲಿ ಹೇಗ್ ನಗರದಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಶುರುವಾಯಿತು. ಆದರೆ ಅದಕ್ಕೆ 2002ರ ಹಿಂದಿನ ಅಪರಾಧ ವಿಚಾರಿಸುವ ಅಧಿಕಾರವಿಲ್ಲ. ಹಾಗಾಗಿ ಸೆಪುರ್ ಸಾರ್ಕೊ ಅಜ್ಜಿಯರು ಅಲ್ಲಿಗೆ ಹೋಗುವಂತಿರಲಿಲ್ಲ. ಅವರು ತಮ್ಮ ದೇಶದ ನ್ಯಾಯಾಲಯದ ಬಾಗಿಲನ್ನೇ ತಟ್ಟಬೇಕಾಯಿತು. ಲೋಕ ಕಲಿತ ಪಾಠ ಮಾತ್ರ ಅವರ ಕೈ ಹಿಡಿಯಿತು.

ಕೋರ್ಟಿಗೆ ಹೋದದ್ದು

ಒಮ್ಮೆಗೇ ಕೋರ್ಟಿಗೆ ಹೋದವರಲ್ಲ ಅವರು. ಮಹಿಳಾ ಸಂಘಟನೆಗಳ ನೆರವಿನಿಂದ ಮೊದಲು ಒಟ್ಟಿಗೆ ಕುಳಿತು ಮಾತಾಡಿದರು, ಒಟ್ಟಿಗೆ ಅತ್ತರು. 2010ರಲ್ಲಿ ಮಹಿಳಾ ಸಂಘಟನೆಗಳು ರಾಜಧಾನಿಯಲ್ಲಿ ಒಂದು ಜನತಾ ನ್ಯಾಯಾಲಯ ನಡೆಸಿದವು. ಅದಕ್ಕೆ ಶಿಕ್ಷೆ ಕೊಡುವ ಅಧಿಕಾರ ಇರಲಿಲ್ಲ. ಆದರೆ ಯುದ್ಧಕಾಲದ ಲೈಂಗಿಕ ಹಿಂಸೆಯ ಬಗ್ಗೆ ಹೆಂಗಸರು ಸಭೆಯ ಮುಂದೆ ಸಾಕ್ಷಿ ಹೇಳಿದರು. 2011ರಲ್ಲಿ ಸೆಪುರ್ ಸಾರ್ಕೊದ ಹದಿನೈದು ಮಂದಿ ದೂರು ಕೊಟ್ಟರು.

2016ರ ಫೆಬ್ರವರಿ 1ರಂದು ವಿಚಾರಣೆ ಆರಂಭ. ಸ್ಪಾನಿಷ್ ಬಾರದ ಈ ಮುದುಕಿಯರು ದುಭಾಷಿಯ ಮೂಲಕ ಕೆಕ್ಚಿ ಭಾಷೆಯಲ್ಲೇ ಸಾಕ್ಷಿ ಹೇಳಿದರು. ಮುಖಕ್ಕೆ ಬಣ್ಣದ ಶಾಲು ಮುಚ್ಚಿಕೊಂಡು ಕುಳಿತಿದ್ದರು. ಮಣ್ಣಿನಿಂದ ಅಗೆದು ತೆಗೆದ ಮೂಳೆಗಳನ್ನು ಪೆಟ್ಟಿಗೆಗಳಲ್ಲಿ ತಂದು ಕೋರ್ಟಿನಲ್ಲಿ ತೆರೆದು ತೋರಿಸಿದರು.

ಫೆಬ್ರವರಿ 26ರಂದು ನ್ಯಾಯಾಧೀಶೆ ಯಾಸ್ಮಿನ್ ಬಾರಿಯೋಸ್ ಅವರ ಪೀಠ ತೀರ್ಪು ಕೊಟ್ಟಿತು. ಹೆಂಗಸರ ಮಾತನ್ನು ಕೋರ್ಟು ನಂಬಿತು. ಶಿಬಿರದ ಅಧಿಕಾರಿಯಾಗಿದ್ದ ರೇಯೆಸ್ ಹಿರೋನ್‌ಗೆ 120 ವರ್ಷ, ಸೈನ್ಯಕ್ಕೆ ನೆರವಾದ ಸ್ಥಳೀಯ ಕಮಿಷನರ್ ವಾಲ್ಡೆಸ್ ಆಸಿಗ್‌ಗೆ 240 ವರ್ಷ ಜೈಲು. ಉಪ್ಪು ತಿಂದವ ನೀರು ಕುಡಿಯಲೇಬೇಕು! ಯುದ್ಧಕಾಲದ ಲೈಂಗಿಕ ಗುಲಾಮಗಿರಿಗೆ ಒಂದು ದೇಶದ ಸ್ವಂತ ಕೋರ್ಟು ಶಿಕ್ಷೆ ಕೊಟ್ಟದ್ದು ಅದೇ ಮೊದಲು.

ಅವರು ಪರಿಹಾರವಾಗಿ ಕೇಳಿದ್ದೇನು ಗೊತ್ತಾ? ತಮಗೆ ಮಾತ್ರ ಹಣ ಕೊಡಿ ಅನ್ನಲಿಲ್ಲ. ಊರಿಗೆ ಆರೋಗ್ಯ ಕೇಂದ್ರ ಬೇಕು, ಮಕ್ಕಳಿಗೆ ಶಾಲೆ ಬೇಕು, ಗಂಡಂದಿರು ಪ್ರಾಣ ಕೊಟ್ಟ ಆ ಭೂಮಿಯ ಹಕ್ಕುಪತ್ರ ಬೇಕು ಅಂದರು. ಕೋರ್ಟು ಇಂಥ ಹಲವು ಆದೇಶ ಮಾಡಿತು. ಆದರೆ ಆದೇಶ ಬೇರೆ, ಕೈಗೆ ಸಿಗುವುದು ಬೇರೆ. ತೀರ್ಪು ಬಂದು ವರ್ಷಗಳಾದರೂ ಭೂಮಿಗಾಗಿ ಅವರ ಓಡಾಟ ನಿಲ್ಲಲಿಲ್ಲ.

ಎಲ್ಲ ಕಡೆ ಜಯ ಸಿಕ್ಕಿತು ಅಂತಲೂ ನಾನು ಹೇಳೋದಿಲ್ಲ. ರಿಯೋಸ್ ಮಾಂಟ್‌ಗೆ 2013ರಲ್ಲಿ 80 ವರ್ಷ ಶಿಕ್ಷೆಯಾಯಿತು, ಹತ್ತೇ ದಿನದಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. 2018ರಲ್ಲಿ ಅವನು ಸತ್ತ. ನಮ್ಮ ಪಕ್ಕದ ಮ್ಯಾನ್ಮಾರಿನಲ್ಲಿ ಸೈನ್ಯ ರೊಹಿಂಗ್ಯಾ ಮತ್ತು ಇತರ ಜನಾಂಗದ ಹೆಂಗಸರ ಮೇಲೆ ಎಸಗಿದ ಹಿಂಸೆಯನ್ನು ವಿಶ್ವಸಂಸ್ಥೆಯ ತಂಡ 2018ರಲ್ಲಿ ದಾಖಲಿಸಿತು. 2019ರಲ್ಲಿ ಗ್ಯಾಂಬಿಯ ಎಂಬ ಆಫ್ರಿಕದ ಪುಟ್ಟ ದೇಶ ಮ್ಯಾನ್ಮಾರಿನ ಮೇಲೆ ಹೇಗ್‌ನಲ್ಲಿ ದಾವೆ ಹೂಡಿತು. 2024ರ ನವೆಂಬರಿನಲ್ಲಿ ಅಪರಾಧ ನ್ಯಾಯಾಲಯದ ಪ್ರಾಸಿಕ್ಯೂಟರ್ ಅಲ್ಲಿನ ಸೇನಾ ಮುಖ್ಯಸ್ಥನ ಬಂಧನಕ್ಕೆ ವಾರಂಟ್ ಕೇಳಿದರು. ಆದರೆ ಗ್ವಾಟೆಮಾಲದಲ್ಲಿ ಮತ್ತೆ ಬಾಗಿಲು ತೆರೆದದ್ದೂ ಉಂಟು. 2022ರಲ್ಲಿ ಆಚಿ ಮಾಯಾ ಹೆಂಗಸರ ದೂರಿನ ಮೇಲೆ ಐವರಿಗೆ 30 ವರ್ಷ ಶಿಕ್ಷೆಯಾಯಿತು.

ನಮ್ಮ ಸಂಘಕ್ಕೆ ಏನು ಪಾಠ?

ಒಂದು, ಕೇಳಿಸಿಕೊಳ್ಳುವ ನಾಲ್ಕು ಹೆಂಗಸರಿದ್ದರೆ ಬಾಯಿ ಬಿಡುವ ಧೈರ್ಯ ಬರುತ್ತದೆ. ವಾರದ ಸಭೆಯಲ್ಲಿ ಪಾಸ್‌ಬುಕ್ ಬರೆದಾದ ಮೇಲೆ ಹತ್ತು ನಿಮಿಷ ಕಷ್ಟ ಸುಖಕ್ಕೆ ಇಡಿ. ಅಲ್ಲಿ ಕೇಳಿದ್ದು ಬಾವಿಕಟ್ಟೆಗೆ ಹೋಗಬಾರದು. ಅತ್ಯಾಚಾರಕ್ಕೆ ಒಳಗಾದವರ ಹೆಸರು ಪ್ರಕಟಿಸುವುದು ನಮ್ಮ ಕಾನೂನಿನಲ್ಲೂ ಅಪರಾಧ.

ಎರಡು, ಬರೆದಿಡಿ. ದಿನ, ಸಮಯ, ಯಾರು ನೋಡಿದರು, ಎಲ್ಲಾ. ಅಜ್ಜಿಯರ ಮಾತಿಗೆ ಬಲ ಬಂದದ್ದು ದಾಖಲೆಯಿಂದ.

ಮೂರು, ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯದ್ದಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 181 ಮಹಿಳಾ ಸಹಾಯವಾಣಿ. ಈ ನಂಬರನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಕೊನೆಯದು, ನಾಚಿಕೆಯ ಮಾತು. ಸೆಪುರ್ ಸಾರ್ಕೊದಲ್ಲಿ ಒಂದು ಕಾಲಕ್ಕೆ ಊರವರು ಆಡಿಕೊಂಡ ಆ ಹೆಂಗಸರನ್ನು ಈಗ ಜನ ಗೌರವದಿಂದ 'ಅಜ್ಜಿಯರು' ಅಂತ ಕರೆಯುತ್ತಾರೆ. ನಮ್ಮ ಸಂಘದಲ್ಲಿ, ನಮ್ಮ ಓಣಿಯಲ್ಲಿ ಅಂಥ ಒಬ್ಬಳು ಹೆಣ್ಣುಮಗಳಿದ್ದರೆ ಅವಳನ್ನು ನಾವು ಹೇಗೆ ಕರೆಯುತ್ತೇವೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವಾ ಇಲ್ಲವಾ? ಮನೆಗೆ ಹೋಗುವ ದಾರಿಯಲ್ಲಿ ಇದನ್ನು ಯೋಚನೆ ಮಾಡಿ, ಮುಂದಿನ ವಾರದ ಸಭೆಯಲ್ಲಿ ಮಾತಾಡಿ.