ಸುವರ್ಣಗೆಡ್ಡೆಯ ಹೂವು: ಎರಡು ಸಂಜೆಗಳ ಲೆಕ್ಕ

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮುಂಗಾರಿಗೆ ಮುನ್ನ ಒಂದೆರಡು ಮಳೆ ಬಿದ್ದೊಡನೆ ತೋಟದಂಚಿನಲ್ಲಿ, ಕಾಡಿನ ಬದಿಯಲ್ಲಿ ಸತ್ತ ಪ್ರಾಣಿಯ ನಾತ ಹರಡುವುದುಂಟು. ಜಾಡು ಹಿಡಿದು ಹೋದರೆ, ಎಲೆಯೇ ಇಲ್ಲದೆ ನೆಲದಿಂದ ನೇರವಾಗಿ ಎದ್ದ ಕಡುಗೆಂಪು ಬಣ್ಣದ ಸುವರ್ಣಗೆಡ್ಡೆಯ ಹೂವು ಕಾಣುತ್ತದೆ. ನಾತ ತಾಳದೆ ಅದನ್ನು ಕಡಿದೆಸೆಯುವವರಿದ್ದಾರೆ.

ಇದೇ ಕುಲದ ದೈತ್ಯ ಸಸ್ಯವೊಂದನ್ನು ಇಟಲಿಯ ಒಡೊಆರ್ಡೊ ಬೆಕ್ಕಾರಿಯವರು 1878ರಲ್ಲಿ ಸುಮಾತ್ರಾ ದ್ವೀಪದಲ್ಲಿ ಗುರುತಿಸಿದರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಅದು 1889ರಲ್ಲಿ ಮೊದಲ ಬಾರಿ ಅರಳಿತು. 1926ರಲ್ಲಿ ಅರಳಿದಾಗ ಜನಸಂದಣಿಯನ್ನು ತಡೆಯಲು ಪೊಲೀಸರೇ ಬರಬೇಕಾಯಿತು. ಅದರ ಬಂಧು ನಮ್ಮ ಬೇಲಿಯ ಬುಡದಲ್ಲಿ ಅರಳಿದರೆ ನಾವು ಮೂಗು ಮುಚ್ಚಿ ನಡೆಯುತ್ತೇವೆ.

ನಾವು ಹೂವೆನ್ನುವುದು ವಾಸ್ತವದಲ್ಲಿ ನೂರಾರು ಹೂಗಳ ಗೊಂಚಲು. ಹೊರಗಿರುವುದು ಅಡಕೆಯ ಹಾಳೆಯಂತಹ ಹೊದಿಕೆ. ನಡುವಿನ ದಂಡಿನ ಬುಡದಲ್ಲಿ ಹೆಣ್ಣು ಹೂಗಳು, ಅವುಗಳ ಮೇಲೆ ಗಂಡು ಹೂಗಳು, ತುದಿಯಲ್ಲಿ ಸುಕ್ಕುಗಟ್ಟಿದ ದಪ್ಪ ಗಡ್ಡೆ. ಮೊದಲ ಸಂಜೆ ಈ ತುದಿ ಬೆಚ್ಚಗಾಗಿ ನಾತವನ್ನು ಹರಡುತ್ತದೆ. ಕೊಳೆತ ಮಾಂಸವೆಂದು ಮೋಸಹೋದ ಸಣ್ಣ ದುಂಬಿಗಳೂ ನೊಣಗಳೂ ಒಳಗಿಳಿಯುತ್ತವೆ. ಆಗ ಪಕ್ವವಾಗಿರುವುದು ಹೆಣ್ಣು ಹೂಗಳು ಮಾತ್ರ. ಮರುದಿನ ಗಂಡು ಹೂಗಳು ಪರಾಗ ಸುರಿಸುವ ಹೊತ್ತಿಗೆ ಹೆಣ್ಣು ಹೂಗಳ ಕಾಲ ಮುಗಿದಿರುತ್ತದೆ. ಮೈಗೆ ಪರಾಗ ಮೆತ್ತಿಕೊಂಡ ಕೀಟ ಹೊರಬಿದ್ದು, ಆ ಸಂಜೆ ಹೊಸದಾಗಿ ಅರಳಿದ ಇನ್ನೊಂದು ಗಿಡವನ್ನು ಸೇರಬೇಕು.

ಆದುದರಿಂದ ಒಂಟಿ ಗಿಡ ಎಷ್ಟೇ ಚೆನ್ನಾಗಿ ಅರಳಿದರೂ ಕಾಯಿ ಕಟ್ಟುವುದು ದುರ್ಲಭ. ಅದಕ್ಕೆ ಹತ್ತಿರದಲ್ಲಿ ಒಂದು ದಿನ ಮೊದಲು ಅರಳಿದ ನೆರೆಯ ಗಿಡ ಬೇಕು, ನಡುವೆ ಓಡಾಡುವ ಕೀಟ ಬೇಕು. ಬೆಟ್ಟಕ್ಕೆ ಬೆಂಕಿಯಿಟ್ಟು, ಬೇಲಿಯಂಚಿಗೆ ಕಳೆನಾಶಕ ಸಿಂಪಡಿಸಿ, ಕಂಡ ಗೆಡ್ಡೆಯನ್ನೆಲ್ಲ ಅಗೆದರೆ ಈ ಎರಡೂ ಇಲ್ಲವಾಗುತ್ತವೆ.

ತೋಟದ ಗೆಡ್ಡೆಯನ್ನು ನಾವು ತುಂಡರಿಸಿ ನೆಡುತ್ತೇವೆ. ಹುಟ್ಟುವ ಗಿಡ ತಾಯಿಯ ಪಡಿಯಚ್ಚು. ಕಾಡಿನಲ್ಲಿ ಬೀಜದಿಂದ ಹುಟ್ಟುವ ಪ್ರತಿ ಗಿಡದಲ್ಲಿಯೂ ಗುಣಗಳ ಹೊಸ ಬೆರಕೆಯಿದೆ. ರೋಗವನ್ನೂ ಬರವನ್ನೂ ತಾಳುವ ತಳಿ ಬೇಕಾದ ದಿನ ನಾವು ಕೈಚಾಚಬೇಕಾದುದು ಆ ಕಾಡುಗಿಡದತ್ತಲೇ.

ವಿದ್ಯಾರ್ಥಿಗಳೇ, ಮುಂದಿನ ಬೇಸಿಗೆಯಲ್ಲಿ ಒಂದು ನೋಟುಪುಸ್ತಕ ಇಟ್ಟುಕೊಳ್ಳಿರಿ. ಮೊದಲ ಮಳೆಯ ದಿನ, ಮೊಗ್ಗು ಕಂಡ ದಿನ, ನಾತ ಎದ್ದ ಹೊತ್ತು, ಬಂದ ಕೀಟಗಳು, ಪರಾಗ ಉದುರಿದ ಸಮಯ, ಅರಳಿದ ನೆರೆಗಿಡದ ದೂರ, ಮುಂದೆ ಕೆಂಪು ಹಣ್ಣು ಕಟ್ಟಿತೇ ಇಲ್ಲವೇ, ಇಷ್ಟನ್ನು ಬರೆಯಿರಿ. ಗಿಡದ ರಸ ಕೈಗೆ ತಾಗದಿರಲಿ. ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ತುರಿಕೆ ತರುತ್ತವೆ.

ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೇ. ಅಗೆಯುವಾಗ ಗುಂಪಿನಲ್ಲಿ ಕೆಲವು ಗೆಡ್ಡೆಗಳನ್ನು ನೆಲದಲ್ಲಿಯೇ ಬಿಡಿರಿ. ನಾತ ಬಂದ ಎರಡು ದಿನ ಕತ್ತಿಯನ್ನು ಮನೆಯಲ್ಲಿಡಿರಿ.