ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆ?



ಪುತ್ತೂರಿನಿಂದ ಸುಳ್ಯದ ಕಡೆಗೋ, ಬೆಳ್ತಂಗಡಿಯಿಂದ ಒಳಗಿನ ಊರುಗಳಿಗೋ ಬಸ್ಸಿನಲ್ಲಿ ಹೋದವರು ಇದನ್ನು ನೋಡಿರುತ್ತೀರಿ. ರಸ್ತೆ ಬದಿಯಲ್ಲಿ ಅಲ್ಲಲ್ಲಿ ಪುಟ್ಟ ತಂಗುದಾಣಗಳು. ಕೆಂಪುಕಲ್ಲಿನ ಗೋಡೆ, ಹಂಚಿನದೋ ಕಾಂಕ್ರೀಟಿನದೋ ಮಾಡು, ಕುಳಿತುಕೊಳ್ಳಲು ಒಂದು ಕಟ್ಟೆ. ಹಣೆಯ ಮೇಲೆ ಮಾಸಿದ ಬಣ್ಣದಲ್ಲಿ ಒಂದು ಯುವಕ ಮಂಡಲದ ಹೆಸರು, ನೋಂದಣಿ ಸಂಖ್ಯೆ, ದಶಮಾನೋತ್ಸವದ ಇಸವಿ. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಈಗಲೂ ಅದರಡಿಯಲ್ಲೇ ನಿಲ್ಲುತ್ತಾರೆ. ಎದುರಿನ ಅಂಗಡಿಯವರನ್ನು “ಈ ಮಂಡಲ ಈಗ ಹೇಗೆ ನಡೀತಿದೆ?” ಎಂದು ಕೇಳಿ ನೋಡಿ. ಎಷ್ಟೋ ಕಡೆ ಸಿಗುವ ಉತ್ತರ ಒಂದೇ: “ಆಗ ಇತ್ತು ಮಾರಾಯ್ರೆ. ಈಗ ಯಾರಿದ್ದಾರೆ?”

ತಂಗುದಾಣ ಉಳಿದಿದೆ, ಕಟ್ಟಿದ ಮಂಡಲ ಉಳಿದಿಲ್ಲ. ಊರಿಗೊಂದು ಮಾಡು ಕೊಟ್ಟವರಿಗೆ ತಮ್ಮ ಸಂಘವನ್ನು ಉಳಿಸಿಕೊಳ್ಳಲು ಆಗಲಿಲ್ಲವೇಕೆ? ಇವತ್ತಿನ ನನ್ನ ಮಾತು ಇದರ ಸುತ್ತ.

ನಾನೂ ಇಂಥದೊಂದು ಮಂಡಲದಲ್ಲಿ ಮೂರು ವರ್ಷ ಕಾರ್ಯದರ್ಶಿಯಾಗಿದ್ದವನು. ಹಗಲು ತೋಟದ ಕೆಲಸ, ಸಂಜೆ ಮಂಡಲ. ವಾಲಿಬಾಲ್ ಪಂದ್ಯಾಟಕ್ಕೆ ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದ್ದೇನೆ. ಸೂಜಿಗೆ ಹೆದರುವವರನ್ನು ಒಪ್ಪಿಸಿ ರಕ್ತದಾನ ಶಿಬಿರಕ್ಕೆ ಕರೆತಂದಿದ್ದೇನೆ. ಗಡಿಜಗಳದಲ್ಲಿ ಮಾತೇ ಬಿಟ್ಟಿದ್ದ ಎರಡು ಮನೆಗಳ ಹುಡುಗರನ್ನು ಒಂದೇ ತಂಡದಲ್ಲಿ ಆಡಿಸಿದ್ದೇನೆ. ಮುಂದೆ ಒಂದು ಕಡೆ ಸಂದರ್ಶನಕ್ಕೆ ಹೋದಾಗ “ಅನುಭವ ಏನಿದೆ?” ಎಂದರು. ಮಂಡಲದ ಕೆಲಸಗಳನ್ನೆಲ್ಲ ಹೇಳಿದೆ. ಕೇಳಿದವರು ನಕ್ಕು, “ಅದಲ್ಲ, ಅನುಭವ” ಎಂದರು. ಅವರನ್ನು ದೂರಿ ಪ್ರಯೋಜನವಿಲ್ಲ. ನನ್ನ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಅಷ್ಟೇಕೆ, ನಮ್ಮ ಅಪ್ಪನೇ ಸಂಘದ ಕೆಲಸವನ್ನು ಯಾವತ್ತೂ ಕೆಲಸ ಎಂದವರಲ್ಲ. ಅವರ ಬಾಯಲ್ಲಿ ಅದರ ಹೆಸರು ‘ತಿರುಗಾಟ’.

ಇಂಗ್ಲಿಷಿನಲ್ಲಿ ಇದನ್ನು ಯೂತ್ ವರ್ಕ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ನಾಲಗೆಗೆ ಹತ್ತುವ ಹೆಸರು ಇನ್ನೂ ಹುಟ್ಟಿಲ್ಲ. ‘ಯುವಜನ ಕಾರ್ಯ’ ಎಂದರೆ ಸರ್ಕಾರಿ ಸುತ್ತೋಲೆಯ ವಾಸನೆ. ‘ಸಂಘಟನೆ’ ಎಂದರೆ ಪಕ್ಷದ ನೆನಪು. ಆ ಕೆಲಸ ಮಾಡುವವನಿಗೆ ಊರಿನವರು ಕೊಟ್ಟ ಹೆಸರು ಮಾತ್ರ ಗಟ್ಟಿಯಾಗಿದೆ, ‘ಪುಢಾರಿ’! ಹೆಸರೇ ಇಲ್ಲದ ಕೆಲಸಕ್ಕೆ ಮಾನ್ಯತೆ ಎಲ್ಲಿಂದ ಬರಬೇಕು?

ಆದರೆ ಈ ಕೆಲಸ ನಮಗೆ ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರನ್ನು ನೆನೆಯೋಣ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದು, ಊರಿಗೆ ಮರಳಿದ ವೈದ್ಯರು. ಹುಬ್ಬಳ್ಳಿಯ ಹುಡುಗರನ್ನು ಕೂಡಿಸಿ ಕವಾಯತು, ಶಿಸ್ತು, ಸೇವೆ ಕಲಿಸತೊಡಗಿದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋದ ಇವರ ತಂಡ ಜೈಲು ಸೇರಿತು. ಜೈಲಿನ ಕಷ್ಟ ತಾಳಲಾರದೆ ಎಷ್ಟೋ ಜನ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು, ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ದೇಶದ ಕಣ್ಣು ಇವರ ಮೇಲೆ ಬಿದ್ದದ್ದು ಆಗ. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಸ್ವಯಂಸೇವಕರ ಅಖಿಲ ಭಾರತ ಸಂಘಟನೆಯೊಂದು ಹುಟ್ಟಿತು. ಮುಂದೆ ಸೇವಾದಳ ಎಂದು ಹೆಸರಾದದ್ದು ಅದೇ. ಜವಾಹರಲಾಲ್ ನೆಹರು ಅದರ ಮೊದಲ ಅಧ್ಯಕ್ಷರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನ. ಆ ಅಧಿವೇಶನಕ್ಕಾಗಿ ಸೇವಾದಳದ ಉಮಾಬಾಯಿ ಕುಂದಾಪುರ ಅವರು ಮನೆಮನೆಗೆ ಹೋಗಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ಹೊಸಿಲು ದಾಟದ ವಿಧವೆಯರೂ ಇದ್ದರು. ಈಗಿನ ಕಾಲದಲ್ಲೇ ಒಬ್ಬ ಹೆಣ್ಣುಮಗಳನ್ನು ಸಂಜೆಯ ಸಭೆಗೆ ಕಳಿಸಿಕೊಡಿ ಎಂದು ಮನೆಯವರನ್ನು ಒಪ್ಪಿಸಲು ಹೊರಟವರಿಗೆ ಉಮಾಬಾಯಿಯವರ ಬೆವರು ಅರ್ಥವಾಗುತ್ತದೆ.

ಈ ಕತೆ ನನಗೆ ಮುಖ್ಯವಾಗುವುದು ಅದರ ಮುಂದಿನ ಕೊಂಡಿಗಾಗಿ. ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ ಎಂಬ ತರುಣನನ್ನು 1951ರಲ್ಲಿ ಸೇವಾದಳದ ಕೆಲಸಕ್ಕೆ ಕರೆದವರು ಇದೇ ಹರ್ಡೀಕರ್. ಅಲ್ಲಿ ಕಲಿತದ್ದನ್ನು ಸುಬ್ಬರಾವ್ ಚಂಬಲ್ ಕಣಿವೆಗೆ ಒಯ್ದರು. ಅಲ್ಲಿನ ಜೌರಾದಲ್ಲಿ ಗಾಂಧಿ ಸೇವಾಶ್ರಮ ಕಟ್ಟಿದರು. 1972ರಲ್ಲಿ ಜಯಪ್ರಕಾಶ ನಾರಾಯಣರ ಎದುರು ಚಂಬಲ್‌ನ ಡಕಾಯಿತರು ಬಂದೂಕು ಇಳಿಸಿದ್ದು ಅಲ್ಲಿಯೇ. ಅನಂತರ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳನ್ನು ನಡೆಸುತ್ತಾ, ಖಾದಿ ಚಡ್ಡಿ, ಅಂಗಿ ತೊಟ್ಟು, ಹಲವು ಭಾಷೆಗಳಲ್ಲಿ ಹಾಡು ಹೇಳಿಸುತ್ತಾ, 2021ರಲ್ಲಿ ತೀರಿಕೊಳ್ಳುವ ತನಕ ದೇಶ ಸುತ್ತಿದರು. ಶಿಬಿರಗಳಲ್ಲಿ ಕಲಿತವರೆಲ್ಲ ಅವರನ್ನು ಕರೆದದ್ದು ‘ಭಾಯೀಜಿ’ ಎಂದು. ಹರ್ಡೀಕರರ ಕೈಯಿಂದ ಸುಬ್ಬರಾಯರ ಕೈಗೆ, ಅಲ್ಲಿಂದ ಶಿಬಿರದ ಹುಡುಗರ ಕೈಗೆ. ನಮ್ಮ ಮಂಡಲಗಳಲ್ಲಿ ಕಡಿದುಬಿದ್ದದ್ದು ಇದೇ ಸರಪಳಿ.

ಒಂದು ಮಂಡಲ ಹುಟ್ಟಲು ಹೆಚ್ಚೇನೂ ಬೇಡ. ಒಂದೇ ವಯಸ್ಸಿನ ಎಂಟು-ಹತ್ತು ಜನ ಗೆಳೆಯರು, ಒಂದು ಗಣೇಶೋತ್ಸವ ಅಥವಾ ಒಂದು ಪಂದ್ಯಾಟ, ಸ್ವಲ್ಪ ಹುಮ್ಮಸ್ಸು. ಏಳು ಜನ ವಯಸ್ಕರು ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಮಾಡಿಸಬಹುದು. ತೊಂದರೆ ಶುರುವಾಗುವುದು ಆ ಹತ್ತು ಜನಕ್ಕೆ ಒಟ್ಟಿಗೆ ವಯಸ್ಸಾದಾಗ. ಒಬ್ಬ ಬೆಂಗಳೂರಿಗೆ, ಇನ್ನೊಬ್ಬ ಗಲ್ಫಿಗೆ, ಮತ್ತೊಬ್ಬನಿಗೆ ಮದುವೆ, ಮಗು, ಬ್ಯಾಂಕಿನ ಸಾಲ. ಉಳಿದ ಇಬ್ಬರು ನಲವತ್ತೈದು ದಾಟಿದರೂ ಅಧ್ಯಕ್ಷರು, ಕಾರ್ಯದರ್ಶಿಗಳು. ಹದಿನೆಂಟರ ಹುಡುಗರು ಬಾಗಿಲಲ್ಲಿ ನಿಂತು ಕುರ್ಚಿ ಜೋಡಿಸುತ್ತಾರೆ, ಊಟ ಬಡಿಸುತ್ತಾರೆ, ಫ್ಲೆಕ್ಸ್ ಕಟ್ಟುತ್ತಾರೆ. ಲೆಕ್ಕದ ಪುಸ್ತಕ ಹೇಗಿರುತ್ತದೆ ಎಂದು ಮಾತ್ರ ಅವರಿಗೆ ಯಾರೂ ತೋರಿಸಿಲ್ಲ. ಆಮೇಲೆ ಒಂದು ದಿನ ಹಿರಿಯರು, “ಈಗಿನ ಹುಡುಗರಿಗೆ ಆಸಕ್ತಿ ಇಲ್ಲ” ಎನ್ನುತ್ತಾರೆ. ಅವರೆಲ್ಲ ನನ್ನ ವಾರಗೆಯವರೇ. ಆದರೂ ಹೇಳುತ್ತೇನೆ, ಆಸಕ್ತಿ ಇತ್ತು, ನಾವು ಜಾಗ ಬಿಡಲಿಲ್ಲ.

ಈ ಕೈಬದಲಾವಣೆಯ ಗುಟ್ಟು ಇರುವುದು ಒಂದು ಸಾಮಾನ್ಯ ವಸ್ತುವಿನಲ್ಲಿ, ನಡಾವಳಿ ಪುಸ್ತಕದಲ್ಲಿ. ಯಾವ ಸಭೆಗೆ ಯಾರು ಬಂದರು, ಏನು ನಿರ್ಣಯವಾಯಿತು, ಯಾರಿಗೆ ಯಾವ ಹೊಣೆ, ಎಷ್ಟು ಖರ್ಚು. ಬರೆಯಲು ಅರ್ಧ ಗಂಟೆ ಸಾಕು. ಆದರೆ ಬಹುಪಾಲು ಮಂಡಲಗಳಲ್ಲಿ ಈ ಪುಸ್ತಕದ ಮೊದಲ ಹತ್ತು ಪುಟ ಮುತ್ತಿನಂಥ ಅಕ್ಷರಗಳಲ್ಲಿ ತುಂಬಿ, ಆಮೇಲೆ ಖಾಲಿ. ನಾನು ಬರೆದದ್ದೂ ಹಾಗೆಯೇ. ಕಾಯ್ದೆಯ ಪ್ರಕಾರ ಪ್ರತಿ ವರ್ಷ ಮಹಾಸಭೆ ನಡೆಸಿ, ಆಡಳಿತ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಬಿಟ್ಟುಬಿಟ್ಟರೆ ನೋಂದಣಿ ಸಂಖ್ಯೆ ತಂಗುದಾಣದ ಹಣೆಯ ಮೇಲೆ ಮಾತ್ರ ಉಳಿಯುತ್ತದೆ. ಯಾವುದೋ ಇಲಾಖೆಯ ಅನುದಾನ ಬಂತು ಎಂದಾಗ ಎಲ್ಲರೂ ಎದ್ದು ಹಳೆಯ ಕಡತ ಹುಡುಕುತ್ತಾರೆ. ಕಡತ ಯಾರದೋ ಅಟ್ಟದಲ್ಲಿ ಗೆದ್ದಲಿನ ಪಾಲು.

ಉಳಿದುಕೊಂಡವರೂ ಇದ್ದಾರೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನ ಕೆಲವರು ಸೇರಿ ಒಂದು ನಾಟಕ ಸಂಘ ಕಟ್ಟಿದರು. ಅವರಲ್ಲೊಬ್ಬರಾದ ಕೆ. ವಿ. ಸುಬ್ಬಣ್ಣನವರಿಗೆ ಆಗ ಹದಿನೇಳು ವರ್ಷ. ಅಂಥ ಹವ್ಯಾಸಿ ಸಂಘಗಳು ಆ ಕಾಲದ ಮಲೆನಾಡಿನಲ್ಲಿ ಎಷ್ಟೋ ಇದ್ದವು. ಆ ಸಂಘ ನೀನಾಸಂ ಆಗಿ ಬೆಳೆದದ್ದು ತಾನು ಬಲ್ಲದ್ದನ್ನು ಮುಂದಿನವರಿಗೆ ಕಲಿಸುವುದನ್ನೇ ಕೆಲಸವಾಗಿ ಮಾಡಿಕೊಂಡದ್ದರಿಂದ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಶುರುವಾದವು. ನೋಡಿ, ನಮ್ಮಪ್ಪ ಬೈಗುಳವಾಗಿ ಆಡುತ್ತಿದ್ದ ಮಾತೇ ಅಲ್ಲಿ ಒಂದು ನಾಟಕ ತಂಡದ ಹೆಸರು! 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ತೀರಿಕೊಂಡದ್ದು 2005ರಲ್ಲಿ. ಸಂಘ ನಡೆಯುತ್ತಲೇ ಇದೆ. ಎಲ್ಲ ಮಂಡಲಗಳೂ ನೀನಾಸಂ ಆಗಬೇಕಿಲ್ಲ, ಆಗುವುದೂ ಇಲ್ಲ. ಕಟ್ಟಿದವರು ಹೋದ ಮೇಲೂ ಬಾಗಿಲು ತೆರೆದಿದ್ದರೆ ಸಾಕು.

ಇನ್ನು ಸರ್ಕಾರದ ಮಾತು. ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಸುಳ್ಳು. 1952ರ ಗಾಂಧಿ ಜಯಂತಿಯಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಗ್ರಾಮಸೇವಕರು ಹಳ್ಳಿಹಳ್ಳಿಗಳಲ್ಲಿ ಯುವಕ ಮಂಡಲ, ಮಹಿಳಾ ಮಂಡಲಗಳನ್ನು ಕಟ್ಟಿಸಿದರು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಕೇಂದ್ರ ಶಿಕ್ಷಣ ಸಚಿವರಾಗಿದ್ದ ವಿ. ಕೆ. ಆರ್. ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭಿಸಿದರು. ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ಕಾಲೇಜಿನ ಹೊರಗಿರುವ ಹಳ್ಳಿಯ ತರುಣರಿಗಾಗಿ 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು. ಇದೇ ಆಕಾಶವಾಣಿಯ ಯುವವಾಣಿಯೂ 1969ರ ಕೂಸು. ಅದರಲ್ಲಿ ಮಾತಾಡಿ ಮೈಕಿನ ಹೆದರಿಕೆ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಆದರೆ ಮಾನ್ಯತೆಯ ವಿಷಯಕ್ಕೆ ಬಂದಾಗ ಒಂದು ಸೋಜಿಗ ಕಾಣುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿ, ಏಳು ದಿನದ ಶಿಬಿರ ಮುಗಿಸಿದರೆ ಅವನಿಗೆ ಪ್ರಮಾಣಪತ್ರ ಉಂಟು. ಅದೇ ಊರಿನಲ್ಲಿ ಹತ್ತನೆಯ ತರಗತಿಗೆ ಓದು ಬಿಟ್ಟು ವೈರಿಂಗ್ ಕೆಲಸ ಮಾಡುವ ಹುಡುಗ ಅದಕ್ಕಿಂತ ಹೆಚ್ಚು ಗಂಟೆ ಮಂಡಲಕ್ಕಾಗಿ ದುಡಿದಿರುತ್ತಾನೆ. ಅವನಿಗೆ ಸಿಗುವುದು ವಾರ್ಷಿಕೋತ್ಸವದಲ್ಲಿ ಒಂದು ಶಾಲು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳು ಮುಳುಗಿದಾಗ, ಹಗ್ಗ ಹಿಡಿದು ಇಳಿದ ಸ್ಥಳೀಯ ಹುಡುಗರಿಗೆ ಕಾಡಿನ ದಾರಿ ಗೊತ್ತಿತ್ತು, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ ಎಂಬುದೂ ಗೊತ್ತಿತ್ತು. ಆ ತಿಳಿವಳಿಕೆಯನ್ನು ಬರೆದಿಡುವ ರಿಜಿಸ್ಟರ್ ಯಾವ ಕಚೇರಿಯಲ್ಲಿದೆ?

ಬೇರೆ ದೇಶಗಳಲ್ಲಿ ಈ ಮಂಡಲದ ಕೆಲಸವನ್ನು ವೃತ್ತಿಯೆಂದೇ ಒಪ್ಪಿಕೊಂಡವರಿದ್ದಾರೆ. ಇಂಗ್ಲೆಂಡಿನಲ್ಲಿ 1960ರ ಆಲ್ಬೆಮಾರ್ಲ್ ಸಮಿತಿಯ ವರದಿಯ ನಂತರ ಯುವಜನ ಕಾರ್ಯಕರ್ತರಿಗೆ ತರಬೇತಿಯೂ ಸಂಬಳದ ನೆಲೆಯೂ ಸಿಕ್ಕವು. ಬೆಂಗಳೂರಿಗಿಂತ ಚಿಕ್ಕ ದೇಶವಾದ ಮಾಲ್ಟಾ 2014ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು. ನಮ್ಮಲ್ಲೂ ಶ್ರೀಪೆರಂಬದೂರಿನ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆ ಈ ವಿಷಯದಲ್ಲಿ ಪದವಿ ಕೊಡುತ್ತದೆ. ಒಳ್ಳೆಯದೇ. ಆದರೆ ಮಂಡಲದ ಕಾರ್ಯದರ್ಶಿಯೂ ಪದವಿ ಪಡೆದೇ ಬರಬೇಕು ಎಂದಾದರೆ, ನಾಳೆ ವಾಲಿಬಾಲ್ ನೆಟ್ ಕಟ್ಟಲು ಯಾರೂ ಉಳಿಯುವುದಿಲ್ಲ. ನನಗೆ ಬೇಕಾದದ್ದು ಅದಕ್ಕಿಂತ ಸಣ್ಣದು, ಹತ್ತಿರದ್ದು.

ಗ್ರಾಮ ಪಂಚಾಯತಿಯೇ ಅದನ್ನು ಕೊಡಬಹುದು. ಹದಿನೆಂಟಕ್ಕೆ ಗ್ರಾಮಸಭೆಯಲ್ಲಿ ಕೂರುವ ಹಕ್ಕು, ಇಪ್ಪತ್ತೊಂದಕ್ಕೆ ಪಂಚಾಯತಿ ಚುನಾವಣೆಗೆ ನಿಲ್ಲುವ ಹಕ್ಕು ಇರುವ ಈ ತರುಣರಿಗೆ, ಇಂಥ ವರ್ಷ ಇಂಥ ಮಂಡಲದ ಖಜಾಂಚಿಯಾಗಿ ಇಷ್ಟು ಹಣದ ಲೆಕ್ಕವನ್ನು ಸರಿಯಾಗಿ ಒಪ್ಪಿಸಿದ್ದಾನೆ, ಇಷ್ಟು ಶಿಬಿರ ನಡೆಸಿದ್ದಾಳೆ ಎಂದು ನಡಾವಳಿ ನೋಡಿ ಒಂದು ಪತ್ರ ಕೊಡಲಿ. ಕೆಲಸಕ್ಕೆ ಕರೆಯುವವರು ಅದನ್ನು ಅನುಭವ ಎಂದು ಓದಲಿ. ಪ್ರಶಸ್ತಿಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಪ್ರಶಸ್ತಿ ಬರುವುದು ಒಬ್ಬನಿಗೆ, ಅದೂ ಅರ್ಜಿ ಹಾಕಲು ಬಲ್ಲವನಿಗೆ. ನೆಲ ಗುಡಿಸಿದವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಮಾನ್ಯತೆ ಕೇಳುವ ಮೊದಲು ನಾವು ಬಿಡಬೇಕಾದ ಚಾಳಿಯೊಂದಿದೆ. ಚುನಾವಣೆ ಹತ್ತಿರ ಬಂದಾಗ ಮಂಡಲಕ್ಕೆ ಜೆರ್ಸಿ, ನೆಟ್ಟು, ಧ್ವನಿವರ್ಧಕ ಎಲ್ಲ ಬರುತ್ತದೆ. ತೆಗೆದುಕೊಂಡ ಮರುದಿನದಿಂದ ಅದು ಊರಿನ ಮಂಡಲವಲ್ಲ, ಯಾರದೋ ಮಂಡಲ. ಅರ್ಧ ಊರು ಹೊರಗೆ ನಿಲ್ಲುತ್ತದೆ. ಜಾತಿಯ ಹೆಸರಿನಲ್ಲಿ ಒಡೆದ ಸಂಘಗಳಿಗಿಂತ ಜೆರ್ಸಿಯ ಹೆಸರಿನಲ್ಲಿ ಒಡೆದವೇ ನನ್ನ ಕಣ್ಣಿಗೆ ಹೆಚ್ಚು ಬಿದ್ದಿವೆ. ತಲೆಗೆ ಹತ್ತು ರೂಪಾಯಿಯ ತಿಂಗಳ ವಂತಿಗೆ ಬಡತನದ ಲಕ್ಷಣದಂತೆ ಕಾಣಬಹುದು, ಆದರೆ ಬೇಡ ಎನ್ನುವ ಧೈರ್ಯ ಬರುವುದು ಅದರಿಂದಲೇ. ಹೆಣ್ಣುಮಕ್ಕಳ ಮಾತೂ ಹಾಗೆಯೇ. ರಾತ್ರಿ ಎಂಟಕ್ಕೆ ಸಭೆ ಕರೆದು, “ಹುಡುಗಿಯರು ಬರುವುದಿಲ್ಲ” ಎಂದು ನಡಾವಳಿಯಲ್ಲಿ ಬರೆದವರು ನಾವು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆದ ವರ್ಷ ಆರು ಜನ ಬಂದರು, ಒಬ್ಬಳು ಖಜಾಂಚಿಯಾದಳು. ನಮ್ಮ ಮಂಡಲದ ಲೆಕ್ಕ ಒಂದು ರೂಪಾಯಿಯೂ ತಪ್ಪದೆ ತಾಳೆಯಾದದ್ದು ಆ ಒಂದೇ ವರ್ಷ.

ಕೇಳುಗರೇ, ನಿಮ್ಮಲ್ಲಿ ಹಳೆಯ ಅಧ್ಯಕ್ಷರು, ಕಾರ್ಯದರ್ಶಿಗಳು ಇದ್ದೇ ಇರುತ್ತೀರಿ. ನಿಮ್ಮ ಮಂಡಲದ ನಡಾವಳಿ ಪುಸ್ತಕ ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಇದ್ದರೆ ಈ ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ. ಊರಿನಲ್ಲಿ ಹದಿನೆಂಟು ತುಂಬಿದ ಯಾರನ್ನಾದರೂ ಮನೆಗೆ ಕರೆದು, ಚಹಾ ಕೊಟ್ಟು, ಮೊದಲ ಹತ್ತು ಪುಟ ಓದಿ ಹೇಳಿ. ಹನ್ನೊಂದನೆಯ ಪುಟವನ್ನು ಅವರೇ ಬರೆಯಲಿ.