ಒಬ್ಬ ಮತದಾರ, ಎರಡು ಸರಕಾರಗಳು

ಒಕ್ಕೂಟ ಪದ್ಧತಿಯೆಂದರೇನೆಂದು ಕೇಳಿದರೆ ನಾವು ಸಾಮಾನ್ಯವಾಗಿ ಸಂವಿಧಾನದ ಏಳನೆಯ ಅನುಸೂಚಿಯತ್ತ ಕೈ ತೋರಿಸುತ್ತೇವೆ. ಅಲ್ಲಿ ಮೂರು ಪಟ್ಟಿಗಳಿವೆ. ರಕ್ಷಣೆ, ರೈಲು ಕೇಂದ್ರಕ್ಕೆ. ಪೊಲೀಸು, ವ್ಯವಸಾಯ ರಾಜ್ಯಕ್ಕೆ. ಮತ್ತೆ ಕೆಲವು ವಿಷಯಗಳು ಎರಡಕ್ಕೂ. ಈ ಪಟ್ಟಿಗಳಲ್ಲಿ ಆಗಿರುವ ಮಾರ್ಪಾಡು ಅಲ್ಪ. ಆದರೂ ಕೇಂದ್ರ-ರಾಜ್ಯಗಳ ಬಲಾಬಲ ದಶಕದಿಂದ ದಶಕಕ್ಕೆ ಏರಿಳಿಯುತ್ತ ಬಂದಿದೆ. ಇದಕ್ಕೆ ಕಾರಣವನ್ನು ಸಂವಿಧಾನದ ಹೊರಗೆ ಹುಡುಕಬೇಕಾಗುತ್ತದೆ.

ಹಾಗೆ ಹುಡುಕಿದವರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ವಿಲಿಯಂ ರೈಕರ್ ಪ್ರಮುಖರು. ಒಕ್ಕೂಟವೆಂಬುದು ರಾಜಕಾರಣಿಗಳ ನಡುವಣ ಒಂದು ಒಪ್ಪಂದ; ಅದು ಹೇಗೆ ನಡೆಯುತ್ತದೆಂಬುದು ರಾಜಕೀಯ ಪಕ್ಷಗಳ ರಚನೆಯನ್ನು ಅವಲಂಬಿಸಿದೆ ಎಂದು ಅವರು 1964ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಈ ವಾದವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಮುಖ್ಯಮಂತ್ರಿಯಾದವನು ತನ್ನ ಕುರ್ಚಿಗಾಗಿ ದೆಹಲಿಯ ಮುಖ ನೋಡಬೇಕಾದರೆ, ಪಟ್ಟಿಯಲ್ಲಿ ಬರೆದಿಟ್ಟ ಅಧಿಕಾರ ಅವನಿಗೆ ದಕ್ಕುವುದಿಲ್ಲ, ಸ್ವಂತ ಮತದಾರರ ಬಲವಿದ್ದರೆ ದಕ್ಕುತ್ತದೆ.

ನನ್ನ ದೃಷ್ಟಿಯಲ್ಲಿ ಭಾರತದ ಚುನಾವಣೆಗಳ ಇತಿಹಾಸ ಈ ವಾದಕ್ಕೆ ಒಳ್ಳೆಯ ಪರೀಕ್ಷೆ. 1951-52ರಿಂದ 1967ರವರೆಗೆ ಲೋಕಸಭೆಗೂ ವಿಧಾನಸಭೆಗಳಿಗೂ ಬಹುಮಟ್ಟಿಗೆ ಒಟ್ಟಿಗೇ ಚುನಾವಣೆ ನಡೆಯುತ್ತಿತ್ತು. 1967ರಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. 1971ರಲ್ಲಿ ಲೋಕಸಭೆಗೆ ಅವಧಿಗೆ ಮುನ್ನವೇ ಚುನಾವಣೆ ನಡೆದು ಹಳೆಯ ಜೋಡಿ ಕಳಚಿತು. ಅಂದಿನಿಂದ ಮತದಾರನು ತನ್ನ ಎರಡು ಸರಕಾರಗಳನ್ನು ಬೇರೆಬೇರೆಯಾಗಿ ತೂಗಿ ನೋಡುವ ಅವಕಾಶ ಪಡೆದನು.

ಆ ಅವಕಾಶವನ್ನು ಅವನು ಹೇಗೆ ಬಳಸಿದನೆಂಬುದಕ್ಕೆ ನಮ್ಮ ಕರ್ನಾಟಕವೇ ಸಾಕ್ಷಿ. 1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ ದೊರೆತದ್ದು ನಾಲ್ಕೇ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿ, ಹೊಸದಾಗಿ ಜನಾದೇಶ ಕೇಳಿದರು. ಮೂರು ತಿಂಗಳು ತುಂಬುವ ಮೊದಲೇ, 1985ರ ಮಾರ್ಚಿಯಲ್ಲಿ, ಅದೇ ಮತದಾರರು 224 ವಿಧಾನಸಭಾ ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟರು. ಇದನ್ನು ಜನರ ಚಂಚಲತೆ ಎನ್ನಲಾಗದು. ದೇಶವನ್ನು ಯಾರು ಆಳಬೇಕು, ರಾಜ್ಯವನ್ನು ಯಾರು ಆಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಅವರು ಎರಡು ಉತ್ತರ ಕೊಟ್ಟರು. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನಗಳು ಬಂದವು. ಮರುವರ್ಷ ಲೋಕಸಭೆಗೆ ಅದರಿಂದ ಗೆದ್ದವರು ಒಂಬತ್ತೇ ಮಂದಿ.

ಎರಡೂ ಚುನಾವಣೆಗಳು ಒಟ್ಟಿಗೆ ಬಂದರೆ ಈ ವಿವೇಕ ಮಾಯವಾಗುವುದೇ? ಪುರಾವೆ ಎರಡೂ ಕಡೆಗಿದೆ. 1989ರಲ್ಲಿ ಕಾಂಗ್ರೆಸ್ ಲೋಕಸಭೆಯ 27, ವಿಧಾನಸಭೆಯ 178 ಸ್ಥಾನಗಳನ್ನು ಒಂದೇ ಅಲೆಯಲ್ಲಿ ಗೆದ್ದಿತು. 2004ರಲ್ಲಿಯೂ ಚುನಾವಣೆಗಳು ಜೊತೆಯಾಗಿಯೇ ನಡೆದವು. ಭಾರತೀಯ ಜನತಾ ಪಕ್ಷ ಲೋಕಸಭೆಯ 18 ಸ್ಥಾನ ಪಡೆದರೂ ವಿಧಾನಸಭೆಯಲ್ಲಿ 79ಕ್ಕೆ ನಿಂತಿತು. ಒಂದೇ ಮತಗಟ್ಟೆಯಲ್ಲಿಯೂ ಮತದಾರ ಬೇರ್ಪಡಿಸಿ ಯೋಚಿಸಬಲ್ಲ. ಆದರೆ ಅಲೆಯ ಮುಂದೆ ಅದು ಸುಲಭವಲ್ಲ.

ಈ ಎರಡು ಜನಾದೇಶಗಳನ್ನು ಒಂದೆಂದು ಭಾವಿಸಿದಾಗ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯದಲ್ಲಿಯೂ ಜನರ ವಿಶ್ವಾಸ ಕಳೆದುಕೊಂಡಿದೆಯೆಂಬ ತರ್ಕದಿಂದ 1977ರಲ್ಲಿ ಒಂಬತ್ತು, 1980ರಲ್ಲಿ ಮತ್ತೆ ಒಂಬತ್ತು ವಿಧಾನಸಭೆಗಳು ವಿಸರ್ಜಿತವಾದವು. 1989ರಲ್ಲಿ ವಜಾಗೊಂಡ ಬೊಮ್ಮಾಯಿ ಸರಕಾರದ ಹೆಸರನ್ನೇ ಹೊತ್ತಿರುವ 1994ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಸರಕಾರದ ಬಹುಮತದ ಪರೀಕ್ಷೆ ಶಾಸನಸಭೆಯಲ್ಲಿಯೇ ಆಗಬೇಕೆಂದಿತು. ಒಕ್ಕೂಟ ತತ್ವ ಸಂವಿಧಾನದ ಮೂಲರಚನೆಗೆ ಸೇರಿದ್ದೆಂದಿತು.

2024ರ ಡಿಸೆಂಬರಿನಲ್ಲಿ ಏಕಕಾಲದ ಚುನಾವಣೆಗಾಗಿ ಸಂವಿಧಾನ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡಿತವಾಗಿ ಸಂಸತ್ತಿನ ಜಂಟಿ ಸಮಿತಿಗೆ ಹೋಯಿತು. ಖರ್ಚು ತಗ್ಗೀತು, ನೀತಿಸಂಹಿತೆಯಿಂದ ಪದೇ ಪದೇ ಕೆಲಸ ನಿಲ್ಲುವುದು ತಪ್ಪೀತು ಎಂಬುದು ಅದರ ಪರವಾದ ವಾದ. ಈ ಮಾತು ಸುಳ್ಳಲ್ಲ. ಆದರೆ ಆ ಮಸೂದೆಯ ಪ್ರಕಾರ, ನಡುವೆ ವಿಸರ್ಜಿತವಾದ ವಿಧಾನಸಭೆಗೆ ಚುನಾವಣೆಯಾದರೆ ಹೊಸ ಸಭೆಯ ಆಯುಸ್ಸು ಉಳಿದ ಅವಧಿಗಷ್ಟೇ ಸೀಮಿತ. 1985ರಲ್ಲಿ ಕನ್ನಡಿಗರು ಕೊಟ್ಟ ಜನಾದೇಶ ಪೂರ್ಣ ಅವಧಿಯದು. ಈ ನಿಯಮದಲ್ಲಿ ಅಂಥದೊಂದು ಜನಾದೇಶದ ಅಳತೆಯನ್ನು ಲೋಕಸಭೆಯ ಪಂಚಾಂಗ ನಿರ್ಧರಿಸುತ್ತದೆ.

ಉಳಿತಾಯದ ಲೆಕ್ಕ ಬರೆಯುವಾಗ ಈ ಬಾಬನ್ನೂ ಬರೆದುಕೊಳ್ಳಬೇಕು. ರಾಜ್ಯ ಸರಕಾರದ ಬಲ ಕೊನೆಗೂ ತನ್ನ ಜನರಿಗೆ ಪ್ರತ್ಯೇಕವಾಗಿ ಉತ್ತರ ಹೇಳುವುದರಲ್ಲಿದೆ. ಆ ಉತ್ತರವನ್ನು ಕೇಳುವ ದಿನ ಯಾವುದೆಂಬುದು ಬರಿಯ ಆಡಳಿತದ ಅನುಕೂಲದ ಪ್ರಶ್ನೆಯಾಗಲಾರದು.